ಪುಟ್ಟ ಬ್ಯೂಟೇನ್ ಜನರೇಟರ್: ಪರೀಕ್ಷಾ ಸ್ಟ್ಯಾಂಡಿನಲ್ಲಿ 65 ವ್ಯಾಟ್ ಶಾಖದ ಲೆಕ್ಕ ಸಿಗುತ್ತಿಲ್ಲ

ಪ್ರಶ್ನೆ:
ಬ್ಯೂಟೇನ್ ಉರಿಸಿ, 40 ಮಿ.ಮೀ. ಚೌಕದ ಬಿಸ್ಮತ್ ಟೆಲ್ಯುರೈಡ್ ಮಾಡ್ಯೂಲ್‌ನಿಂದ (ಎರಡು ಬದಿಗಳ ತಾಪಮಾನದ ವ್ಯತ್ಯಾಸವನ್ನು ನೇರವಾಗಿ ವಿದ್ಯುತ್ತಾಗಿಸುವ ಫಲಕ) ವಿದ್ಯುತ್ ಪಡೆಯುವ ಪುಟ್ಟ ಜನರೇಟರನ್ನು ಪರೀಕ್ಷಿಸುತ್ತಿದ್ದೇನೆ. ಗಂಟೆಗೆ 16 ಗ್ರಾಂ ಇಂಧನ ಖರ್ಚಾಗುತ್ತಿದ್ದು, ಕೆ.ಜಿ.ಗೆ 45.7 ಮೆಗಾಜೂಲ್ ಎಂದು ಹಿಡಿದರೆ ಒಳಹೋಗುವ ಶಾಖ 203 ವ್ಯಾಟ್ ಆಗುತ್ತದೆ. ನಿಮಿಷಕ್ಕೆ 120 ಮಿ.ಲೀ. ಹರಿಯುವ ತಂಪು ನೀರು 11 ಡಿಗ್ರಿ ಬಿಸಿಯಾಗಿ 92 ವ್ಯಾಟ್ ಒಯ್ಯುತ್ತದೆ. 420 ಡಿಗ್ರಿಯಲ್ಲಿ ಹೊರಬರುವ ಹೊಗೆಯಲ್ಲಿ 42 ವ್ಯಾಟ್ ಹೋಗುತ್ತದೆ. ಸಿಗುವ ವಿದ್ಯುತ್ 4 ವ್ಯಾಟ್. ಮಾಡ್ಯೂಲ್‌ನ ಬಿಸಿ ಬದಿ 180 ಡಿಗ್ರಿಯಲ್ಲಿದೆ. ಸುತ್ತಿರುವ ಸೆರಾಮಿಕ್ ಉಣ್ಣೆಯ ಹೊರಮೈ ಕೈ ಇಡಬಹುದಾದಷ್ಟೇ ಬೆಚ್ಚಗಿದೆ. ಇಡೀ ಜೋಡಣೆ 8 ಮಿ.ಮೀ. ವ್ಯಾಸದ, 60 ಮಿ.ಮೀ. ಉದ್ದದ ನಾಲ್ಕು ಅಲ್ಯೂಮಿನಿಯಂ ಕಂಬಗಳ ಮೇಲೆ ನಿಂತಿದೆ. ಉಳಿದ 65 ವ್ಯಾಟ್ ಎಲ್ಲಿ ಹೋಗುತ್ತಿದೆ?

ಉತ್ತರ 1:
ನಿಮ್ಮ ಪ್ರಶ್ನೆಯ ಕೊನೆಯ ಸಾಲುಗಳಲ್ಲೇ ಉತ್ತರವಿದೆ. ಕಂಬದ ಎರಡು ತುದಿಗಳ ನಡುವೆ 100 ಡಿಗ್ರಿ ವ್ಯತ್ಯಾಸವಿದ್ದರೆ ಒಂದೊಂದು ಕಂಬವೂ ಸುಮಾರು 14 ವ್ಯಾಟ್ ಶಾಖವನ್ನು ಮೇಜಿಗೆ ಇಳಿಸುತ್ತದೆ. ಅದೇ ಅಳತೆಯ, ಅರ್ಧ ಮಿ.ಮೀ. ದಪ್ಪ ಗೋಡೆಯ ಸ್ಟೇನ್‌ಲೆಸ್ ಸ್ಟೀಲ್ ಕೊಳವೆ ಹಾಕಿದರೆ ಇಳಿಯುವುದು 0.3 ವ್ಯಾಟ್ ಮಾತ್ರ. ಸಾಧನ ಚಿಕ್ಕದಾದಷ್ಟೂ ಗಾತ್ರಕ್ಕೆ ಹೋಲಿಸಿದರೆ ಅದರ ಮೈ ದೊಡ್ಡದಾಗುವುದರಿಂದ ಇಂಥ ಸೋರಿಕೆಗೆ ಕ್ಷಮೆಯಿಲ್ಲ. ಅಮೆರಿಕದ ಎಂಐಟಿಯಲ್ಲಿ 1990ರ ದಶಕದಲ್ಲಿ ಆರಂಭವಾದ ಸಿಲಿಕಾನ್ ಮೈಕ್ರೋ ಟರ್ಬೈನ್ ಯೋಜನೆಯಲ್ಲಿಯೂ ಟರ್ಬೈನಿನ ಶಾಖ ಸಿಲಿಕಾನ್ ಮೂಲಕವೇ ಕಂಪ್ರೆಸರಿಗೆ ಹರಿಯುವುದು ದೊಡ್ಡ ತಲೆನೋವಾಗಿತ್ತು.

ಉತ್ತರ 2:
ಎಲ್ಲವನ್ನೂ ಕಂಬಗಳ ತಲೆಗೆ ಕಟ್ಟುವುದು ಸರಿಯಲ್ಲ. ಹೊಗೆಯಲ್ಲಿರುವ ಥರ್ಮೊಕಪಲ್‌ನ (ತಾಪಮಾನ ಅಳೆಯುವ ತಂತಿಯ) ತುದಿಯ ಮಣಿ ಸುತ್ತಲಿನ ತಣ್ಣನೆಯ ಗೋಡೆಗೆ ವಿಕಿರಣದಿಂದ ಶಾಖ ಬಿಟ್ಟುಕೊಡುವುದರಿಂದ ನಿಜವಾದ ತಾಪಮಾನಕ್ಕಿಂತ ಕಡಿಮೆ ತೋರಿಸುತ್ತದೆ; ಅಂದರೆ ಹೊಗೆಯಲ್ಲಿ ಹೋಗುವ ಶಾಖ ನೀವು ಹಿಡಿದ 42 ವ್ಯಾಟ್‌ಗಿಂತ ಹೆಚ್ಚಿರಬಹುದು. ಅದಕ್ಕೊಂದು ಕವಚ ಹಾಕಿ. ಬ್ಯೂಟೇನ್ ಆವಿಯಾಗುತ್ತ ಹೋದಂತೆ ಕ್ಯಾನು ತಣ್ಣಗಾಗಿ ಮೈಮೇಲೆ ನೀರು ಕೂಡಿಸಿಕೊಳ್ಳುತ್ತದೆ, ಒತ್ತಡ ಇಳಿಯುತ್ತದೆ, ಹರಿವೂ ಕುಗ್ಗುತ್ತದೆ. ಆದ್ದರಿಂದ ಕ್ಯಾನನ್ನು ತಕ್ಕಡಿಯ ಮೇಲೆ ಇಟ್ಟೇ ಪರೀಕ್ಷೆ ನಡೆಸಬೇಕು.

ಮುಖ್ಯವಾದ ಮಾತೊಂದಿದೆ. ಬರ್ನರ್ ತೆಗೆದು ಅದೇ ಜಾಗದಲ್ಲಿ ಕಾರ್ಟ್ರಿಜ್ ಹೀಟರ್ (ಸರಳಿನ ಆಕಾರದ ವಿದ್ಯುತ್ ಹೀಟರ್) ಇಟ್ಟು, ಬಿಸಿ ಬದಿಯನ್ನು ಮತ್ತೆ 180 ಡಿಗ್ರಿಗೆ ತನ್ನಿ. ಆಗ ಹೊಗೆಯ ಕಾಟವಿರುವುದಿಲ್ಲ, ಒಳಹೋಗುವ ಶಕ್ತಿಯನ್ನು ಮೀಟರೇ ಹೇಳುತ್ತದೆ, ಕಾಣೆಯಾದದ್ದೆಲ್ಲ ಸ್ಟ್ಯಾಂಡು ಮತ್ತು ಉಣ್ಣೆಯದೇ ಆಗಿರುತ್ತದೆ. ಕಂಬ ಬದಲಿಸಿದ ಮೇಲೆ ಅದೇ ಇಂಧನಕ್ಕೆ ಬಿಸಿ ಬದಿ ಮೇಲೇರುತ್ತದೆ ಎಂಬುದನ್ನು ಮರೆಯಬೇಡಿ; ಈ ಬಗೆಯ ಸಾಮಾನ್ಯ ಮಾಡ್ಯೂಲ್‌ಗಳನ್ನು 250 ಡಿಗ್ರಿ ದಾಟಿಸಿದರೆ ಒಳಗಿನ ಬೆಸುಗೆ ಉಳಿಯುವುದಿಲ್ಲ.

ಪ್ರಶ್ನೆ ಕೇಳಿದವರಿಂದ:
ಇಬ್ಬರಿಗೂ ಧನ್ಯವಾದಗಳು. ಹೀಟರ್ ಪರೀಕ್ಷೆಯಲ್ಲಿ 51 ವ್ಯಾಟ್ ಕಾಣೆಯಾಯಿತು. ಕಂಬದ ತುದಿಗಳ ನಡುವಿನ ವ್ಯತ್ಯಾಸ 75 ಡಿಗ್ರಿ ಇದ್ದುದರಿಂದ ಅದರಲ್ಲಿ ಸುಮಾರು 42 ವ್ಯಾಟ್ ಕಂಬಗಳದ್ದೇ ಎಂದಾಯಿತು. ಸ್ಟೀಲ್ ಕೊಳವೆ ಹಾಕಿ ಮತ್ತೆ ಬರ್ನರ್ ಹಚ್ಚಿದಾಗ ಬಿಸಿ ಬದಿ 228 ಡಿಗ್ರಿಗೆ ಏರಿ, ವಿದ್ಯುತ್ 7 ವ್ಯಾಟ್ ಆಯಿತು. ಲೆಕ್ಕಕ್ಕೆ ಸಿಗದ ಶಾಖ 30 ವ್ಯಾಟ್‌ಗೆ ಇಳಿಯಿತು. 250ರ ಎಚ್ಚರಿಕೆ ನೆನಪಾಗಿ ಇಂಧನವನ್ನು ಗಂಟೆಗೆ 14 ಗ್ರಾಂಗೆ ಇಳಿಸಿದ್ದೇನೆ. ಥರ್ಮೊಕಪಲ್‌ಗೆ ಕವಚ ಹಾಕುವ ಕೆಲಸ ಇನ್ನೂ ಬಾಕಿಯಿದೆ.