ಅಪಾಯ ಗೊತ್ತಿದ್ದೂ ಪರ್ವತ ಹತ್ತುವವರನ್ನು ಎಳೆಯುವುದು ಯಾವುದು?

ತುಮಕೂರಿನ ಅಕ್ಕ (ಪ್ರಶ್ನೆ)

ನನ್ನ ತಮ್ಮನಿಗೆ 27 ವರ್ಷ, ಬೆಂಗಳೂರಿನಲ್ಲಿ ಒಳ್ಳೆಯ ಕೆಲಸದಲ್ಲಿದ್ದಾನೆ. ಶನಿವಾರ ಬಂತೆಂದರೆ ರಾಮನಗರದ ಬಂಡೆಗಳ ಕಡೆಗೆ ಹೊರಟುಬಿಡುತ್ತಿದ್ದವನು ಈಗ ಉತ್ತರಕಾಶಿಯಲ್ಲಿ ಪರ್ವತಾರೋಹಣದ ಬೇಸಿಕ್ ಕೋರ್ಸಿಗೆ ಹೆಸರು ಕೊಟ್ಟಿದ್ದಾನೆ. ಅದಾದ ಮೇಲೆ 7,000 ಮೀಟರಿಗೂ ಎತ್ತರದ ಶಿಖರವೊಂದನ್ನು ಹತ್ತಬೇಕೆಂಬ ಆಸೆ ಅವನಿಗಿದೆ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ತ್ರತಾಲ್‌ಗೆ ಚಾರಣ ಹೋಗಿದ್ದ ನಮ್ಮ ರಾಜ್ಯದ 9 ಮಂದಿ ಹಿಮಗಾಳಿಗೆ ಸಿಕ್ಕಿ ಪ್ರಾಣ ಬಿಟ್ಟ ಸುದ್ದಿಯನ್ನು ಟಿವಿಯಲ್ಲಿ ನೋಡಿದಂದಿನಿಂದ ಹಿಮಾಲಯದ ಹೆಸರು ಕೇಳಿದರೇ ಅಮ್ಮನ ಎದೆ ಧಸಕ್ಕೆನ್ನುತ್ತದೆ. ಅದು ಬರೀ ಚಾರಣ, ಶಿಖರಾರೋಹಣವೇ ಬೇರೆ ಎಂದು ತಮ್ಮ ಸಮಾಧಾನ ಹೇಳಲು ಹೋದದ್ದರಿಂದ ಅವರ ಭಯ ಇನ್ನಷ್ಟು ಹೆಚ್ಚಿತು.

ರಾತ್ರಿ ಊಟವಾದ ಮೇಲೆ ಅವನು ಮಂಚದ ಕಾಲಿಗೆ ಹಗ್ಗ ಸಿಕ್ಕಿಸಿ, ಕಣ್ಣು ಮುಚ್ಚಿಕೊಂಡು, ಎಂಟರ ಆಕಾರದ ಗಂಟನ್ನು ಹಾಕುವುದು, ಬಿಚ್ಚುವುದು, ಮತ್ತೆ ಹಾಕುವುದು. ಕೈಗವಸು ತೊಟ್ಟುಕೊಂಡೂ ಅದನ್ನೇ ಮಾಡುತ್ತಾನೆ. ಆಗ ಅವನ ಮುಖದಲ್ಲಿರುವ ನೆಮ್ಮದಿಯನ್ನು ಕೆಲಸದಿಂದ ಬಂದ ಯಾವ ಸಂಜೆಯೂ ನಾನು ಕಂಡಿಲ್ಲ. ಯಾಕೋ ಎಂದರೆ "ಹೇಳೋಕೆ ಬರಲ್ಲ ಅಕ್ಕಾ" ಎನ್ನುತ್ತಾನೆ. ಅವನನ್ನು ತಡೆಯುವ ಉಪಾಯ ನನಗೆ ಬೇಡ, ಅವನು ಅರ್ಥವಾದರೆ ಸಾಕು. ಸಾವಿನ ಲೆಕ್ಕ ಚೆನ್ನಾಗಿ ಗೊತ್ತಿರುವವರನ್ನೂ ಅಲ್ಲಿಗೆ ಎಳೆಯುವುದು ಯಾವುದು?

ಬಂಡೆಗಾಲು

ಹದಿನೈದು ವರ್ಷಗಳಿಂದ ಬಂಡೆ ಹತ್ತುತ್ತಿರುವವನಾದ್ದರಿಂದ ನಿಮ್ಮ ತಮ್ಮನ ಪರವಾಗಿ ನಾಲ್ಕು ಮಾತು ಹೇಳುತ್ತೇನೆ. ಎವರೆಸ್ಟ್ ಯಾಕೆ ಹತ್ತುತ್ತೀರಿ ಎಂದು ಕೇಳಿದ್ದಕ್ಕೆ "ಅದು ಅಲ್ಲಿದೆಯಲ್ಲ, ಅದಕ್ಕೆ" ಎಂದು ಬ್ರಿಟನ್ನಿನ ಆರೋಹಿ ಜಾರ್ಜ್ ಮ್ಯಾಲರಿ 1923ರಲ್ಲಿ ಕೊಟ್ಟ ಉತ್ತರವನ್ನು ಎಲ್ಲರೂ ಹೇಳುತ್ತಾರೆ. ನಿಮ್ಮ ತಮ್ಮ ಹೇಳಿದ್ದೂ ಹೆಚ್ಚುಕಡಿಮೆ ಅದೇ. ಹೇಳಲು ಬಾರದ್ದನ್ನು ಮ್ಯಾಲರಿ ಹಾಗೆ ಹೇಳಿದರು.

ಸಾವನದುರ್ಗದ ಬಂಡೆಯ ನಡುವೆ ಕೈಗೆ ಹಿಡಿಯಲು ಏನೂ ಸಿಗದ ಜಾಗಗಳಿವೆ. ಬೂಟಿನ ರಬ್ಬರು ಕಲ್ಲನ್ನು ಕಚ್ಚಿಕೊಳ್ಳುವುದೆಂಬ ನಂಬಿಕೆಯ ಮೇಲೆ ನಿಲ್ಲಬೇಕು. ಹಗ್ಗ ಸಿಕ್ಕಿಸಲು ಬಂಡೆಗೆ ಬಡಿದ ಬೋಲ್ಟು ಬಹಳ ಕೆಳಗೆ ಉಳಿದಿರುತ್ತದೆ, ಮೇಲಿನದು ಕಣ್ಣಿಗೆ ಬಿದ್ದಿರುವುದಿಲ್ಲ. ಮೀನಖಂಡ ನಡುಗತೊಡಗುತ್ತದೆ. ಹೆದರಿ ಮೈಯನ್ನು ಬಂಡೆಗೆ ಒರಗಿಸಿದರೆ ಕಾಲು ಜಾರುತ್ತದೆ. ಮೈಯನ್ನು ಕಲ್ಲಿನಿಂದ ದೂರ ಹಿಡಿದು ಭಾರವನ್ನೆಲ್ಲ ಪಾದಕ್ಕೆ ಬಿಟ್ಟರೆ ಮಾತ್ರ ಕಾಲು ನಿಲ್ಲುತ್ತದೆ. ಭಯ ಹೇಳಿಕೊಟ್ಟದ್ದಕ್ಕೆ ತದ್ವಿರುದ್ಧವಾಗಿ ಮೈ ನಡೆದುಕೊಳ್ಳಬೇಕಾದ ಆ ಎರಡು ನಿಮಿಷಗಳಲ್ಲಿ ಮನೆಸಾಲವಾಗಲಿ ಕಚೇರಿಯಾಗಲಿ ನೆನಪಿನಲ್ಲಿರುವುದಿಲ್ಲ, ಮಾಡಿದ್ದರ ಫಲ ಕಾಲಡಿಯಲ್ಲೇ ಆ ಕ್ಷಣವೇ ತಿಳಿಯುತ್ತದೆ. ವರ್ಷವಿಡೀ ದುಡಿದ ಕೆಲಸ ಯಾವುದೋ ಮೀಟಿಂಗಿನಲ್ಲಿ ಕಸದ ಬುಟ್ಟಿಗೆ ಹೋದದ್ದನ್ನು ಕಂಡವರಿಗೆ ಇದರ ಬೆಲೆ ಗೊತ್ತು.

ಕಮ್ಯುನಿಸ್ಟ್ ಆಡಳಿತದ ಪೋಲೆಂಡಿನ ಆರೋಹಿಗಳನ್ನು ನೋಡಿ. ಹಗ್ಗದಲ್ಲಿ ನೇತಾಡುತ್ತ ಕಾರ್ಖಾನೆಯ ಚಿಮಣಿಗಳಿಗೆ ಬಣ್ಣ ಬಳಿದು ಹಣ ಹೊಂದಿಸಿಕೊಂಡವರು ಅವರು. ಆ ದೇಶದ ಇಬ್ಬರು 1980ರ ಫೆಬ್ರುವರಿ 17ರಂದು, ಮೊತ್ತಮೊದಲ ಬಾರಿಗೆ ಚಳಿಗಾಲದಲ್ಲಿ, ಎವರೆಸ್ಟಿನ ತುದಿಯಲ್ಲಿ ನಿಂತರು. ತಮ್ಮ ಬದುಕಿನ ತೀರ್ಮಾನವನ್ನು ತಾವೇ ಮಾಡಿಕೊಳ್ಳಲು ಅವರಿಗೆ ಸಿಕ್ಕ ಜಾಗ ಅದೊಂದೇ ಆಗಿತ್ತೆಂದು ನನಗೆ ಅನ್ನಿಸುತ್ತದೆ.

ಮನಶ್ಶಾಸ್ತ್ರದ ಮೇಷ್ಟ್ರು

ಮೇಲಿನವರು ಅನುಭವದಿಂದ ಹೇಳಿದ್ದಕ್ಕೆ ಅಧ್ಯಯನದ ಬೆಂಬಲವೂ ಇದೆ. ಇಂಥವರು ರೋಮಾಂಚನಕ್ಕಾಗಿ ಹಾತೊರೆಯುವ ಸ್ವಭಾವದವರು ಎಂಬ ವಿವರಣೆ 1960ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ವಿನ್ ಝುಕರ್‌ಮನ್ ರೂಪಿಸಿದ ಅಳತೆಗೋಲಿನಿಂದ ಬಳಕೆಗೆ ಬಂತು. ಆದರೆ ದೊಡ್ಡ ಪರ್ವತದ ಯಾತ್ರೆಯಲ್ಲಿ ರೋಮಾಂಚನದ ಗಳಿಗೆಗಳು ಬೆರಳೆಣಿಕೆಯಷ್ಟು. ಉಳಿದದ್ದೆಲ್ಲ ವಾರಗಟ್ಟಲೆ ಡೇರೆಯಲ್ಲಿ ಕಾಯುವುದು, ತಲೆನೋವು, ಹಿಮ ಕರಗಿಸಿ ನೀರು ಮಾಡಿಕೊಳ್ಳುವುದು. ಬ್ರಿಟನ್ನಿನ ಸಂಶೋಧಕ ಟಿಮ್ ವುಡ್‌ಮನ್ ಮತ್ತು ಸಂಗಡಿಗರು ವಿಮಾನದಿಂದ ಧುಮುಕುವ ಸ್ಕೈಡೈವರ್‌ಗಳನ್ನೂ ಪರ್ವತಾರೋಹಿಗಳನ್ನೂ ಹೋಲಿಸಿ ನೋಡಿದಾಗ, ರೋಮಾಂಚನದ ಹಂಬಲ ಧುಮುಕುವವರಲ್ಲಿ ಎದ್ದುಕಂಡಿತು. ಪರ್ವತಾರೋಹಿಗಳಲ್ಲಿ ಎದ್ದುಕಂಡದ್ದು ಬೇರೆ: ದಿನನಿತ್ಯದ ಬದುಕಿನಲ್ಲಿ, ಅದರಲ್ಲೂ ಆಪ್ತರೊಡನೆ, ತಮ್ಮ ಭಾವನೆಗಳು ತಮ್ಮ ಹತೋಟಿಯಲ್ಲಿಲ್ಲ ಎಂಬ ತೊಳಲಾಟ, ಮತ್ತು ಪರ್ವತದ ಮೇಲೆ ಆ ಹತೋಟಿ ಸಿಗುತ್ತದೆಂಬ ನಿರೀಕ್ಷೆ. "ಹೇಳೋಕೆ ಬರಲ್ಲ" ಎಂಬ ಮಾತನ್ನು ಓದಿದಾಗ ನನಗೆ ಇದೇ ನೆನಪಾಯಿತು. ಆದರೂ ನೋಡದ ಹುಡುಗನ ಮನಸ್ಸಿಗೆ ನಾನು ಹಣೆಪಟ್ಟಿ ಹಚ್ಚಲಾರೆ.

ಆ ಹತೋಟಿಗೆ ತೆರಬೇಕಾದ ಬೆಲೆ ಸಣ್ಣದಲ್ಲ. ಇಟಲಿಯ ಆರೋಹಿ ರೈನ್‌ಹೋಲ್ಡ್ ಮೆಸ್ನರ್ 1970ರಲ್ಲಿ ಪಾಕಿಸ್ತಾನದ ಹಿಡಿತದಲ್ಲಿರುವ ನಂಗಾ ಪರ್ಬತ್ ಶಿಖರದಲ್ಲಿ ತಮ್ಮನನ್ನೂ ಕಾಲಿನ ಏಳು ಬೆರಳುಗಳನ್ನೂ ಕಳೆದುಕೊಂಡರು, 1978ರಲ್ಲಿ ಅದೇ ಪರ್ವತವನ್ನು ಒಬ್ಬರೇ ಹತ್ತಿದರು. 1995ರ ಮೇ ತಿಂಗಳಿನಲ್ಲಿ ಆಮ್ಲಜನಕದ ಸಿಲಿಂಡರ್ ಇಲ್ಲದೆ ಎವರೆಸ್ಟ್ ಏರಿದ ಬ್ರಿಟನ್ನಿನ ಆಲಿಸನ್ ಹಾರ್ಗ್ರೀವ್ಸ್ ಅದೇ ಆಗಸ್ಟಿನಲ್ಲಿ ಕೆ2 ಶಿಖರದಿಂದ ಇಳಿಯುವಾಗ ತೀರಿಕೊಂಡಾಗ, ಮಗ ಟಾಮ್‌ಗೆ ಆರು ವರ್ಷ. ಆ ಮಗನೂ ಬೆಳೆದು ಆರೋಹಿಯಾಗಿ 2019ರಲ್ಲಿ ನಂಗಾ ಪರ್ಬತ್‌ನಲ್ಲಿ ಕೊನೆಯುಸಿರೆಳೆದರು. ಮಕ್ಕಳಿರುವ ತಾಯಿ ಹೀಗೆ ಮಾಡಬಹುದೇ ಎಂದು ಆಗ ಹಾರ್ಗ್ರೀವ್ಸ್ ಅವರನ್ನು ಜರೆದವರು, ಮಕ್ಕಳಿದ್ದ ಗಂಡಸು ಆರೋಹಿಗಳನ್ನು ಆ ಪ್ರಶ್ನೆ ಕೇಳಲಿಲ್ಲ. ಅದು ಅನ್ಯಾಯವೆಂದೇ ನಾನು ನಂಬುತ್ತೇನೆ.

ಕಠ್ಮಂಡುವಿನಲ್ಲಿದ್ದ ಕನ್ನಡಿಗ

ಮೇಲಿನ ಎರಡೂ ಉತ್ತರಗಳಲ್ಲಿ ಒಬ್ಬರು ಬಿಟ್ಟುಹೋಗಿದ್ದಾರೆ, ಹೊರೆ ಹೊರುವವರು. ಮ್ಯಾಲರಿ ಆ ಪ್ರಸಿದ್ಧ ಮಾತನ್ನು ಹೇಳುವ ಹಿಂದಿನ ವರ್ಷ, 1922ರ ಜೂನ್ 7ರಂದು, ಅವರೊಡನೆ ಎವರೆಸ್ಟ್ ಏರುತ್ತಿದ್ದ ಏಳು ಮಂದಿ ಹೊರೆಯಾಳುಗಳು ಹಿಮಕುಸಿತದಲ್ಲಿ ಸತ್ತಿದ್ದರು. ಅವರು ಪರ್ವತ ಹತ್ತಿದ್ದು ಅದು ಅಲ್ಲಿದೆ ಎಂಬ ಕಾರಣಕ್ಕಲ್ಲ, ಕೂಲಿಗಾಗಿ. 2014ರ ಏಪ್ರಿಲ್ 18ರಂದು ಎವರೆಸ್ಟ್ ಏರುವ ದಾರಿಯಲ್ಲಿ ಸಿಗುವ ಖುಂಬು ಹಿಮನದಿಯ ಕಡಿದಾದ, ಬಿರುಕುಬಿಟ್ಟ ಇಳಿಜಾರಿನಲ್ಲಿ ನೀರ್ಗಲ್ಲು ಕುಸಿದು 16 ನೇಪಾಳಿ ಕೆಲಸಗಾರರು ತೀರಿಕೊಂಡರು. ಅವರ ಕುಟುಂಬಗಳಿಗೆ ಸರ್ಕಾರ ಮೊದಲು ಘೋಷಿಸಿದ್ದು ತಲಾ 40,000 ನೇಪಾಳಿ ರೂಪಾಯಿ. ಹೆಚ್ಚಿನ ಶೆರ್ಪಾಗಳು ಸಿಟ್ಟಿಗೆದ್ದು ಆ ವಸಂತದ ಉಳಿದ ದಿನಗಳಲ್ಲಿ ಎವರೆಸ್ಟಿನ ಕೆಲಸಕ್ಕೆ ಇಳಿಯಲಿಲ್ಲ.

ಶೆರ್ಪಾಗಳಿಗೆ ಹಂಬಲವೇ ಇಲ್ಲವೆಂದು ಇದರ ಅರ್ಥವಲ್ಲ. 2021ರ ಜನವರಿ 16ರಂದು ಕೆ2 ಶಿಖರವನ್ನು ಮೊದಲ ಬಾರಿಗೆ ಚಳಿಗಾಲದಲ್ಲಿ ಏರಿದ ಹತ್ತೂ ಮಂದಿ ನೇಪಾಳದವರು. ತುದಿಗೆ ಸ್ವಲ್ಪ ಮೊದಲು ಒಬ್ಬರಿಗೊಬ್ಬರು ಕಾದು, ಕೊನೆಯ ಹೆಜ್ಜೆಗಳನ್ನು ಒಟ್ಟಿಗೆ ಇಟ್ಟರು. ಇಷ್ಟು ದಿನ ಬೇರೆಯವರ ಗೆಲುವಿಗೆ ಹಗ್ಗ ಕಟ್ಟಿದವರು ತಮ್ಮ ಹೆಸರಿಗಾಗಿ ಹತ್ತಿದ ದಿನ ಅದು. ನಿಮ್ಮ ತಮ್ಮ ಯಾತ್ರೆಗೆ ಹೊರಡುವಾಗ ತನ್ನ ಹೊರೆ ಹೊರುವವರಿಗೆ ಎಷ್ಟು ಮೊತ್ತದ ವಿಮೆಯಿದೆ, ಅವರ ಕಾಲಿಗೆ ಎಂಥ ಬೂಟಿದೆ ಎಂದು ದಯವಿಟ್ಟು ವಿಚಾರಿಸಲಿ.

ತುಮಕೂರಿನ ಅಕ್ಕ

ಎಲ್ಲರಿಗೂ ಋಣಿ. ನಿನ್ನೆ ರಾತ್ರಿ ಅವನು ಗಂಟು ಹಾಕುತ್ತಿದ್ದಾಗ ಪಕ್ಕದಲ್ಲಿ ಕುಳಿತು, ಯಾಕೆ ಎನ್ನುವುದನ್ನು ಬಿಟ್ಟು, ಹಿಂದಕ್ಕೆ ಬರಬೇಕೆಂದು ನಿನಗೆ ಹೇಗೆ ತಿಳಿಯುತ್ತದೆ ಎಂದು ಕೇಳಿದೆ. ಬಹಳ ಹೊತ್ತು ಮಾತಾಡಿದ. ಸಾವನದುರ್ಗದಲ್ಲಿ ಎರಡು ಸಲ ಅರ್ಧಕ್ಕೇ ಇಳಿದು ಬಂದಿದ್ದನಂತೆ, ಅದನ್ನು ನಮ್ಮ ಯಾರಿಗೂ ಹೇಳಿರಲಿಲ್ಲ. ಬೆಳಿಗ್ಗೆ ಅಮ್ಮನಿಗೆ ಮೊದಲು ಅದನ್ನೇ ಹೇಳಿದೆ. ವಿಮೆಯ ಮಾತನ್ನೂ ಅವನಿಗೆ ಮುಟ್ಟಿಸಿದ್ದೇನೆ. ಅದನ್ನು ಯೋಚಿಸಿಯೇ ಇರಲಿಲ್ಲ ಎಂದ.