ವಿಶ್ವ ಚಪ್ಪಟೆ ಅಂದ್ರೆ ಅದಕ್ಕೆ ಕೊನೆಯೇ ಇಲ್ಲ ಅಂತಾನಾ?

ಪ್ರಶ್ನೆ: ಮೇಡಂ, ವಿಶ್ವದ ಹಿನ್ನೆಲೆ ವಿಕಿರಣ ಅಳೆದು ವಿಶ್ವ ಚಪ್ಪಟೆ ಅಂತ ಹೇಳಿದ್ದಾರೆ. ಅಂದರೆ ಅದು ಅನಂತ ಅಂತ ಆಯ್ತಲ್ವಾ? ಇನ್ನೂ ಆಕಾರ ಹುಡುಕುವುದು ಯಾಕೆ?

ಉತ್ತರ: ಹಾಗೇನೂ ಇಲ್ಲ. ಚಪ್ಪಟೆ ಅಂದರೆ ಬಾಗು ಇಲ್ಲ, ತ್ರಿಕೋನದ ಕೋನಗಳ ಮೊತ್ತ 180 ಡಿಗ್ರಿ ಅಂತ ಅಷ್ಟೇ. ಬಾಗು ಬೇರೆ, ಒಟ್ಟು ಆಕಾರ ಬೇರೆ. ಹಾಳೆಯ ಮೇಲೆ ತ್ರಿಕೋನ ಬರೆದು, ಹಾಳೆ ಸುತ್ತಿ ಅಂಚಿಗೆ ಅಂಚು ಅಂಟಿಸಿ. ಕೋನಗಳ ಮೊತ್ತ ಆಗಲೂ 180 ಡಿಗ್ರಿಯೇ. ಆದರೆ ಅಡ್ಡಕ್ಕೆ ನೇರ ಹೊರಟ ಇರುವೆ ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬರುತ್ತದೆ. ಮೂರೂ ದಿಕ್ಕಿನಲ್ಲಿ ಹೀಗೆ ಅಂಟಿಕೊಂಡ ವಿಶ್ವವೂ ಚಪ್ಪಟೆಯೇ. ಅದಕ್ಕೆ ಮಿತಿ ಇದೆ, ಅಂಚು ಮಾತ್ರ ಎಲ್ಲೂ ಸಿಗುವುದಿಲ್ಲ.

ನೀವು ಹೇಳಿದ್ದು ಬಾಗಿನ ಅಳತೆ. ಮಹಾಸ್ಫೋಟವಾಗಿ ಸುಮಾರು 3,80,000 ವರ್ಷಕ್ಕೆ ಹೊರಟ ಬೆಳಕು ಈಗ 2.7 ಕೆಲ್ವಿನ್‌ಗೆ ತಣಿದು ನಮ್ಮನ್ನು ತಲುಪುತ್ತಿದೆ. ಹಿನ್ನೆಲೆ ವಿಕಿರಣ ಅಂದರೆ ಇದೇ. ಅದರಲ್ಲಿ ಲಕ್ಷದಲ್ಲೊಂದು ಪಾಲಿನಷ್ಟು ಬಿಸಿ-ತಂಪಿನ ಮಚ್ಚೆಗಳಿವೆ. ಅವುಗಳ ನಿಜವಾದ ಗಾತ್ರ ಲೆಕ್ಕದಿಂದ ಗೊತ್ತು. ಆಕಾಶದಲ್ಲಿ ಅವು ಸುಮಾರು ಒಂದು ಡಿಗ್ರಿ ಅಗಲ ಕಾಣುತ್ತವೆ. ಬಾಗು ಜಾಸ್ತಿ ಇದ್ದಿದ್ದರೆ ಈ ಅಗಲ ಬೇರೆಯೇ ಇರುತ್ತಿತ್ತು.

ಪ್ರಶ್ನೆ: ಸರಿ, ಅಂಟಿಕೊಂಡಿದೆಯೋ ಇಲ್ಲವೋ ಅಂತ ತಿಳಿಯುವುದು ಹೇಗೆ?

ಉತ್ತರ: ಜೋಡಿ ವೃತ್ತ ಹುಡುಕಬೇಕು. ಈ ಹಳೆಯ ಬೆಳಕು ನಮ್ಮ ಸುತ್ತಲಿನ ಒಂದು ದೊಡ್ಡ ಗೋಳದಿಂದ ಬರುತ್ತದೆ. ವಿಶ್ವ ಆ ಗೋಳಕ್ಕಿಂತ ಚಿಕ್ಕದಾದರೆ ಗೋಳ ತನ್ನನ್ನೇ ಕತ್ತರಿಸುತ್ತದೆ. ಕತ್ತರಿಸಿದ ಕಡೆ ಮೂಡುವುದು ವೃತ್ತ. ಅದೇ ವೃತ್ತ ನಮಗೆ ಆಕಾಶದ ಎರಡು ಕಡೆ ಕಾಣಬೇಕು, ಎರಡರಲ್ಲೂ ಬಿಸಿ-ತಂಪು ಒಂದೇ ಕ್ರಮದಲ್ಲಿ. ಕಾರ್ನಿಶ್, ಸ್ಪೆರ್ಗೆಲ್, ಸ್ಟಾರ್ಕ್‌ಮನ್ ಎಂಬ ವಿಜ್ಞಾನಿಗಳು 1990ರ ದಶಕದಲ್ಲಿ ಕೊಟ್ಟ ಉಪಾಯ ಇದು. ಎಷ್ಟು ಸಲ ಯೋಚಿಸಿದರೂ ನನಗೆ ಖುಷಿ ಕೊಡುತ್ತದೆ.

2003ರಲ್ಲಿ, ಈ ಬೆಳಕನ್ನು ಅಳೆದ ಡಬ್ಲ್ಯೂಮ್ಯಾಪ್ ಉಪಗ್ರಹದ ನಕ್ಷೆಯಲ್ಲಿ, ಆಕಾಶದ ತುಂಬಾ ಅಗಲಕ್ಕೆ ಹರಡಿದ ಬಿಸಿ-ತಂಪಿನ ಏರುಪೇರು ನಿರೀಕ್ಷೆಗಿಂತ ಕಮ್ಮಿ ಕಂಡಿತು. ಚಿಕ್ಕ ವಿಶ್ವದಲ್ಲಿ ಅಂಥ ದೊಡ್ಡ ಅಲೆಗೆ ಜಾಗ ಸಾಲುವುದಿಲ್ಲ, ಅಲ್ವಾ? ಫ್ರಾನ್ಸಿನ ವಿಜ್ಞಾನಿ ಲುಮಿನೆ ಮತ್ತು ಸಂಗಡಿಗರು ಒಂದು ಮಾದರಿ ಕಟ್ಟಿದರು: ಸ್ವಲ್ಪ ಬಾಗಿದ, ಹನ್ನೆರಡು ಮುಖದ ವಿಶ್ವ. ಎದುರುಬದುರು ಮುಖಗಳು 36 ಡಿಗ್ರಿ ತಿರುಗಿ ಅಂಟಿಕೊಂಡಿರುತ್ತವೆ. ಆರು ಜೋಡಿ ವೃತ್ತ ಸಿಗಬೇಕಿತ್ತು. ಮುಂದೆ ಇದೇ ಬೆಳಕನ್ನು ಅಳೆದ ಪ್ಲಾಂಕ್ ಉಪಗ್ರಹದ ನಕ್ಷೆಯಲ್ಲಿ ಹುಡುಕಿದಾಗಲೂ ಸಿಗಲಿಲ್ಲ.

ಪ್ರಶ್ನೆ: ಅಲ್ಲಿಗೆ ಮುಗೀತಾ?

ಉತ್ತರ: ಇಲ್ಲ. ಆ ಗೋಳದ ಮೇಲ್ಮೈ ಇವತ್ತಿನ ಲೆಕ್ಕದಲ್ಲಿ ಸುಮಾರು 4,500 ಕೋಟಿ ಜ್ಯೋತಿರ್ವರ್ಷ ದೂರ. ವಿಶ್ವ ಆ ಗೋಳಕ್ಕಿಂತ ದೊಡ್ಡದಿದ್ದರೆ ವೃತ್ತವೇ ಹುಟ್ಟದಿರಬಹುದು. ತಿರುಚಿ ಅಂಟಿಕೊಂಡ ಹಲವು ಆಕಾರಗಳಿಗೆ ಇನ್ನೂ ಅವಕಾಶ ಇದೆ ಅಂತ ಕಾಂಪ್ಯಾಕ್ಟ್ ಎಂಬ ಸಂಶೋಧಕರ ತಂಡ 2024ರಲ್ಲಿ ತೋರಿಸಿತು. ವೃತ್ತ ಕಾಣದಿದ್ದರೂ ಮಚ್ಚೆ ಮಚ್ಚೆಗಳ ನಡುವಿನ ನಂಟಿನಲ್ಲಿ ಸುಳಿವು ಉಳಿದಿರಬಹುದು. ಈಗ ಹುಡುಕುತ್ತಿರುವುದು ಅದನ್ನೇ.