ಪದಚರ್ಚೆ: ಪಣಿಕ್ಕರ್ ಅವರ ‘ಫೇತ್’ ಮತ್ತು ‘ಬಿಲೀಫ್’ – ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಹಿಂದೂ, ಕ್ರೈಸ್ತ ಪರಂಪರೆಗಳ ನಡುವೆ ನಿಂತು ಬರೆದ ಚಿಂತಕ ರೈಮನ್ ಪಣಿಕ್ಕರ್ ಬಗ್ಗೆ ಕನ್ನಡದಲ್ಲಿ ಒಂದು ಪರಿಚಯ ಲೇಖನ ಬರೆಯುತ್ತಿದ್ದೇನೆ. ಅದು ಒಂದು ಜಾಗದಲ್ಲಿ ನಿಂತುಬಿಟ್ಟಿದೆ. ಫೇತ್ ಬೇರೆ, ಬಿಲೀಫ್ ಬೇರೆ ಅನ್ನುತ್ತಾರೆ ಪಣಿಕ್ಕರ್. ಅವರ ಬಹುಪಾಲು ವಿಚಾರ ಇದರ ಮೇಲೇ ನಿಂತಿದೆ. ನಮ್ಮ ಇಂಗ್ಲಿಷ್-ಕನ್ನಡ ನಿಘಂಟುಗಳನ್ನು ತೆರೆದರೆ ಎರಡಕ್ಕೂ ನಂಬಿಕೆ, ವಿಶ್ವಾಸ, ಶ್ರದ್ಧೆ ಅಂತ ಅವೇ ಪದಗಳು ಅದಲುಬದಲಾಗಿ ಕೂತಿವೆ. ಹಾಗಾಗಿ ನಿಮ್ಮ ಸಲಹೆ ಬೇಕು.

ಅವರ ಪರಿಚಯ ಇಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಹುಟ್ಟಿದ್ದು 1918ರಲ್ಲಿ, ಬಾರ್ಸಿಲೋನಾದಲ್ಲಿ. ತಂದೆ ಮಲಬಾರಿನ ಹಿಂದೂ, ತಾಯಿ ಕ್ಯಾಟಲನ್ ಕ್ಯಾಥೊಲಿಕ್. ಹೆಸರನ್ನು ಪತ್ರಿಕೆಗಳು ಇಂಗ್ಲಿಷ್ ನೋಡಿಕೊಂಡು ‘ಪನಿಕ್ಕರ್’ ಅಂತ ಬರೆಯುವುದುಂಟು. ಮಲಯಾಳಂನಲ್ಲಿ ಅದು ಣಕಾರವೇ. ನಾವೂ ಪಣಿಕ್ಕರ್ ಅಂತಲೇ ಬರೆಯುವುದು ಸರಿ. ಅವರು ಮೂರು ಡಾಕ್ಟರೇಟ್ ಮಾಡಿದವರು. 1946ರಲ್ಲಿ ತತ್ವಶಾಸ್ತ್ರ, 1958ರಲ್ಲಿ ರಸಾಯನಶಾಸ್ತ್ರ, ಎರಡೂ ಮ್ಯಾಡ್ರಿಡ್‌ನಲ್ಲಿ. 1961ರಲ್ಲಿ ದೇವಶಾಸ್ತ್ರ, ರೋಮ್‌ನ ಲ್ಯಾಟರನ್ ವಿಶ್ವವಿದ್ಯಾಲಯದಲ್ಲಿ. ನಡುವೆ 1946ರಲ್ಲಿ ಕ್ಯಾಥೊಲಿಕ್ ಪಾದ್ರಿಯಾಗಿ ದೀಕ್ಷೆಯೂ ಆಯಿತು. ಓಪುಸ್ ದೇಯಿ ಎಂಬ ಕಟ್ಟುನಿಟ್ಟಿನ ಕ್ಯಾಥೊಲಿಕ್ ಸಂಘಟನೆಯಲ್ಲಿ 20 ವರ್ಷಕ್ಕೂ ಜಾಸ್ತಿ ಇದ್ದರು. 1966ರಲ್ಲಿ ಆ ನಂಟು ಕಡಿಯಿತು. ಪಾದ್ರಿಯಾಗಿ ಮಾತ್ರ ಕೊನೆಯವರೆಗೂ ಉಳಿದರು.

1954ರಲ್ಲಿ, 36ನೇ ವಯಸ್ಸಿನಲ್ಲಿ, ಮೊದಲ ಸಲ ಭಾರತಕ್ಕೆ ಬಂದರು. ಮೈಸೂರು ವಿಶ್ವವಿದ್ಯಾಲಯದಲ್ಲೂ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲೂ ಭಾರತೀಯ ತತ್ವಶಾಸ್ತ್ರ ಓದಿದರು. ಇಷ್ಟು ದೊಡ್ಡ ಚಿಂತಕ ನಮ್ಮ ಮೈಸೂರಿನಲ್ಲಿ ಓದಿದ್ದು ನಮ್ಮಲ್ಲಿ ಯಾರಿಗೂ ಅಷ್ಟಾಗಿ ನೆನಪಿಲ್ಲ, ನೋಡಿ. ಆಮೇಲೆ ಹಾರ್ವರ್ಡ್, ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ಪಾಠ. ವರ್ಷದ ಅರ್ಧ ಅಮೆರಿಕದಲ್ಲಿ, ಉಳಿದರ್ಧ ಕಾಶಿಯಲ್ಲಿ ಅನ್ನುವಂಥ ಬದುಕು. ವೇದ, ಉಪನಿಷತ್ತುಗಳಿಂದ ಆಯ್ದು ಅನುವಾದಿಸಿದ ‘ಮಂತ್ರಮಂಜರಿ’ 1977ರಲ್ಲಿ ಬಂತು. ಅದು 900 ಪುಟ ಮೀರಿದ ಗ್ರಂಥ. 1989ರಲ್ಲಿ ಎಡಿನ್‌ಬರಾದಲ್ಲಿ ಗಿಫರ್ಡ್ ಉಪನ್ಯಾಸ ಕೊಟ್ಟರು. ಅದು ಪುಸ್ತಕವಾಗಿದ್ದು 2010ರಲ್ಲಿ. ಅದೇ ವರ್ಷ ಆಗಸ್ಟ್‌ನಲ್ಲಿ, ಕ್ಯಾಟಲೋನಿಯಾದ ತಾವೆರ್ಟೆಟ್ ಎಂಬ ಬೆಟ್ಟದೂರಿನಲ್ಲಿ ತೀರಿಕೊಂಡರು.

ಅವರ ಒಂದು ಮಾತನ್ನು ಎಲ್ಲರೂ ಉದ್ಧರಿಸುತ್ತಾರೆ. ನನ್ನ ಕನ್ನಡದಲ್ಲಿ ಅದು ಹೀಗೆ: ‘ಕ್ರೈಸ್ತನಾಗಿ ಹೊರಟೆ. ನಾನು ಹಿಂದೂ ಎಂದು ಕಂಡುಕೊಂಡೆ. ಬೌದ್ಧನಾಗಿ ಮರಳುತ್ತಿದ್ದೇನೆ. ಹಾಗಂತ ಕ್ರೈಸ್ತನಾಗಿರುವುದನ್ನು ಬಿಟ್ಟದ್ದೇ ಇಲ್ಲ.’ ಕೇಳಿದವರು ಇದನ್ನು ‘ಎಲ್ಲ ಧರ್ಮವೂ ಒಂದೇ’ ಅನ್ನುವ ನಮ್ಮ ಭಾಷಣದ ಮಾತು ಅಂದುಕೊಳ್ಳುತ್ತಾರೆ. ಅಲ್ಲವೇ ಅಲ್ಲ. ಎಲ್ಲವೂ ಒಂದೇ ಅನ್ನುವುದನ್ನು ಅವರು ಒಪ್ಪುತ್ತಿರಲಿಲ್ಲ. ಈ ಮಾತು ಬರುವುದು ಫೇತ್ ಮತ್ತು ಬಿಲೀಫ್ ಬಗ್ಗೆಯೇ ಬರೆದ ಪ್ರಬಂಧದಲ್ಲಿ. ಆ ವ್ಯತ್ಯಾಸ ತಿಳಿಯದೆ ಓದಿದರೆ ಈ ಮಾತು ಸುಮ್ನೆ ಚಮತ್ಕಾರವಾಗಿ ಉಳಿಯುತ್ತದೆ.

ಅವರ ಪ್ರಕಾರ ಫೇತ್ ಅನ್ನುವುದು ಮನುಷ್ಯನಾಗಿರುವುದರಲ್ಲೇ ಸೇರಿದೆ. ಮನುಷ್ಯ ತಾನಿರುವಷ್ಟಕ್ಕೇ ಮುಗಿದವನಲ್ಲ. ತನ್ನನ್ನು ಮೀರಿದ್ದಕ್ಕೆ ತೆರೆದುಕೊಂಡೇ ಇರುತ್ತಾನೆ. ಹಾಗೆ ತೆರೆದುಕೊಂಡಿರುವುದೇ ಫೇತ್. ಅದಕ್ಕೆ ‘ಇಂಥದ್ದನ್ನು’ ಅಂತ ತೋರಿಸಬಹುದಾದ ವಸ್ತು ಇಲ್ಲ. ದೇವರಿಲ್ಲ ಅನ್ನುವವನಿಗೂ ಅದು ಇದೆ. ಬಿಲೀಫ್ ಅಂದರೆ ಆ ಫೇತ್ ಒಂದು ಪರಂಪರೆಯ ಮಾತಿನಲ್ಲಿ, ಕತೆಯಲ್ಲಿ, ಸಿದ್ಧಾಂತದಲ್ಲಿ ರೂಪ ಪಡೆದದ್ದು. ಏಸು ಸತ್ತು ಮೂರನೇ ದಿನ ಎದ್ದ ಅನ್ನುವುದು ಒಂದು ಬಿಲೀಫ್. ಸತ್ತವನು ಕರ್ಮಕ್ಕೆ ತಕ್ಕಂತೆ ಮತ್ತೆ ಹುಟ್ಟುತ್ತಾನೆ ಅನ್ನುವುದು ಇನ್ನೊಂದು. ಇವು ಒಂದಕ್ಕೊಂದು ಹೊಂದಬೇಕಾಗಿಲ್ಲ. ಹಾಗಂತ ಬಿಲೀಫ್ ಬರೀ ಸಿಪ್ಪೆ, ತೆಗೆದೆಸೆಯಿರಿ ಅಂತಲೂ ಅವರು ಹೇಳುವುದಿಲ್ಲ. ರೂಪವಿಲ್ಲದೆ ಫೇತ್ ಬದುಕಲಾರದು. ಫೇತ್ ಏಕವಚನ, ಬಿಲೀಫ್ ಬಹುವಚನ ಅಂತ ನೆನಪಿಟ್ಟುಕೊಂಡರೆ ಮುಂದಿನ ಚರ್ಚೆಗೆ ಸಾಕು.

ಈಗ ಪದಗಳಿಗೆ ಬರೋಣ.

ಮೊದಲು ಎದುರಾಗುವುದು ವಿಶ್ವಾಸ. ನಮ್ಮ ಕ್ಯಾಥೊಲಿಕರು ಫೇತ್‌ಗೆ ಬಳಸುವುದು ಇದನ್ನೇ. ಚರ್ಚಿಗೆ ಬರುವ ಜನ ‘ವಿಶ್ವಾಸಿಗಳು’. ಪ್ರೊಟೆಸ್ಟೆಂಟರ ಹಳೆಯ ಸತ್ಯವೇದದಲ್ಲಿ (ಕನ್ನಡ ಬೈಬಲ್) ಮಾತ್ರ ‘ನಂಬಿಕೆ, ನಿರೀಕ್ಷೆ, ಪ್ರೀತಿ’. ಪಣಿಕ್ಕರ್ ಕ್ಯಾಥೊಲಿಕ್ ಆದ್ದರಿಂದ ವಿಶ್ವಾಸ ಅಂದುಬಿಡಬಹುದು ಅನ್ನಿಸುತ್ತದೆ. ಆದರೆ ಚರ್ಚಿನ ಹೊರಗೆ ಈ ಪದದ ಬಳಕೆಯೇ ಬೇರೆ. ‘ನಮ್ಮನೆಗೂ ಅವರ ಮನೆಗೂ ಭಾಳ ವಿಶ್ವಾಸ’ ಅಂದರೆ ಅಕ್ಕರೆ, ಒಡನಾಟ. ಆತ್ಮವಿಶ್ವಾಸ ಅಂದರೆ ಧೈರ್ಯ. ಟಿವಿ ಹಾಕಿದರೆ ವಿಶ್ವಾಸಮತ ಯಾಚನೆ. ಫೇತ್‌ಗೆ ವಿಶ್ವಾಸ, ಬಿಲೀಫ್‌ಗೆ ಮತ ಅಂತ ಯಾರಾದರೂ ಹೇಳಿದರೆ ಎರಡನ್ನೂ ಕೂಡಿಸಿ ವಿಧಾನಸೌಧಕ್ಕೆ ಹೊರಡಬೇಕಾಗುತ್ತದೆ.

ತಮಾಷೆ ಬಿಡಿ, ‘ಮತ’ ಅಷ್ಟು ಸುಲಭಕ್ಕೆ ತಳ್ಳಿಹಾಕುವ ಪದವಲ್ಲ. ಅದರ ಮೂಲ ಅರ್ಥ ಅಭಿಪ್ರಾಯ, ಎಣಿಕೆ. ‘ನನ್ನ ಮತದಲ್ಲಿ’ ಅನ್ನುವಾಗ ಇವತ್ತಿಗೂ ಅದೇ ಅರ್ಥ. ಶಂಕರರ ಮತ, ಮಧ್ವರ ಮತ ಅಂದದ್ದೂ ಹಾಗೇ ಶುರುವಾದದ್ದು. ಒಂದು ಪರಂಪರೆ ಮಾತಿನಲ್ಲಿ ಇಟ್ಟದ್ದು ಅನ್ನುವ ಪಣಿಕ್ಕರ್ ಅರ್ಥಕ್ಕೆ ಇದು ತುಂಬಾ ಹತ್ತಿರ. ಏನು ಮಾಡೋಣ, ಇವತ್ತು ಓದುಗರಿಗೆ ಮತ ಅಂದರೆ ರಿಲಿಜನ್, ಇಲ್ಲವೇ ಓಟು. ಪ್ರತಿ ಸಲ ಟಿಪ್ಪಣಿ ಹಾಕುತ್ತಾ ಕೂರಲು ಆಗುವುದಿಲ್ಲ.

ಇನ್ನು ಶ್ರದ್ಧೆ. ನನಗೆ ಆಸೆ ಇರುವುದು ಇದರ ಮೇಲೆ. ಭಾಷೆಯ ಇತಿಹಾಸವೂ ಇದರ ಪಕ್ಷದಲ್ಲೇ ಇದೆ. ಸಂಸ್ಕೃತದ ಶ್ರತ್-ಧಾ ಮತ್ತು ಕ್ರೈಸ್ತರು ತಾವು ನಂಬುವುದನ್ನು ಸಾರುವ ಪ್ರಾರ್ಥನೆಯ ಮೊದಲ ಲ್ಯಾಟಿನ್ ಪದ ಕ್ರೇದೊ (ನಂಬುತ್ತೇನೆ), ಎರಡೂ ಒಂದೇ ಬೇರಿನವು. ಎದೆಯನ್ನು ಒಂದು ಕಡೆ ಇಡುವುದು ಅನ್ನುವಂಥ ಅರ್ಥ. ಗೀತೆಯ 17ನೇ ಅಧ್ಯಾಯ ಮನುಷ್ಯನನ್ನು ‘ಶ್ರದ್ಧಾಮಯ’ ಅನ್ನುತ್ತದೆ. ಯಾರ ಶ್ರದ್ಧೆ ಎಂಥದ್ದೋ ಅವನು ಅದೇ ಅನ್ನುತ್ತದೆ. ಫೇತ್ ಅನ್ನುವುದು ಮನುಷ್ಯನ ಇರವಿನಲ್ಲೇ ಸೇರಿದೆ ಎಂಬ ಮಾತಿಗೆ ಇದಕ್ಕಿಂತ ಹತ್ತಿರದ ಸಾಲು ನನಗೆ ಕಾಣಲಿಲ್ಲ. ಋಗ್ವೇದದ 10ನೇ ಮಂಡಲದ ಶ್ರದ್ಧಾಸೂಕ್ತವನ್ನು ಅನುವಾದಿಸುವಾಗ ಪಣಿಕ್ಕರ್ ಕೂಡ ಶ್ರದ್ಧೆಗೆ ಫೇತ್ ಅಂತಲೇ ಹಾಕಿದ್ದಾರೆ.

ತೊಡಕು ಇರುವುದು ನಮ್ಮ ಆಡುಗನ್ನಡದಲ್ಲಿ. ‘ಶ್ರದ್ಧೆಯಿಂದ ಓದು’ ಅಂತ ಮಗುವಿಗೆ ಹೇಳುತ್ತೇವೆ. ಅಲ್ಲಿ ಅರ್ಥ ಗಮನ, ಆಸ್ಥೆ. ‘ಅವನಿಗೆ ಕೆಲಸದಲ್ಲಿ ಶ್ರದ್ಧೆ ಇಲ್ಲ’ ಅಂದರೆ ಮೈಗಳ್ಳ ಅಂತ. ದೇವರಿಲ್ಲ ಅನ್ನುವವನಿಗೂ ಶ್ರದ್ಧೆ ಇದೆ ಅಂತ ಬರೆದರೆ, ಪಾಪ, ಕಷ್ಟಪಟ್ಟು ದುಡಿಯುವ ನಾಸ್ತಿಕ ಅಂತ ಓದಿಕೊಳ್ಳುವ ಅಪಾಯವಿದೆ.

ಉಳಿದದ್ದು ನಂಬಿಕೆ. ಅಪ್ಪಟ ನಮ್ಮದು. ಇಲ್ಲಿ ನಾಮಪದ ಒಂದು ದಾರಿ ಹಿಡಿದರೆ ಕ್ರಿಯಾಪದ ಇನ್ನೊಂದು ದಾರಿ ಹಿಡಿಯುತ್ತದೆ. ನಂಬಿಕೆಗೆ ಬಹುವಚನ ಸಲೀಸು: ನಂಬಿಕೆಗಳು, ಮೂಢನಂಬಿಕೆಗಳು. ‘ಶ್ರದ್ಧೆಗಳು’ ಅಂತ ಯಾರೂ ಅನ್ನುವುದಿಲ್ಲ. ಏಕವಚನ-ಬಹುವಚನದ ಪರೀಕ್ಷೆ ಇಟ್ಟರೆ ನಂಬಿಕೆ ಬಿಲೀಫ್ ಕಡೆಗೇ ಹೋಗುತ್ತದೆ. ಆದರೆ ‘ನಂಬು’ ಅನ್ನುವ ಕ್ರಿಯಾಪದ ನೋಡಿ. ಆಗಸ್ಟೀನ್, ಅಕ್ವಿನಾಸ್ ಕಾಲದಿಂದ ಕ್ಯಾಥೊಲಿಕ್ ಚಿಂತನೆಯಲ್ಲಿ ಮೂರು ಬಗೆಯ ನಂಬುವಿಕೆ ಹೇಳುತ್ತಾರೆ. ಲ್ಯಾಟಿನ್‌ನಲ್ಲಿ ಅದು ವಿಭಕ್ತಿಯಲ್ಲೇ ಗೊತ್ತಾಗುತ್ತದೆ. ಕನ್ನಡದಲ್ಲೂ ಹೇಳಬಹುದು: ‘ದೇವರಿದ್ದಾನೆ ಅಂತ ನಂಬುತ್ತೇನೆ’, ‘ದೇವರ ಮಾತು ನಂಬುತ್ತೇನೆ’, ‘ದೇವರನ್ನು ನಂಬಿದ್ದೇನೆ’. ಮೊದಲನೆಯದು ಬಿಲೀಫ್. ಮೂರನೆಯದರಲ್ಲಿ ಒಪ್ಪಿಸಿಕೊಂಡ ಭಾವವಿದೆ. ‘ನಂಬಿ ಕರೆದಡೆ ಓ ಎನ್ನನೇ ಶಿವನು’ ಅನ್ನುವಾಗ ಬಸವಣ್ಣನವರು ಶಿವನಿದ್ದಾನೋ ಇಲ್ಲವೋ ಎಂಬ ಅಭಿಪ್ರಾಯದ ಮಾತಾಡುತ್ತಿಲ್ಲ, ಅಲ್ವಾ? ಅಲ್ಲಿನ ‘ನಂಬಿ’ ಫೇತ್‌ನದ್ದೇ. ಹಾಗಾಗಿ ನಂಬಿಕೆಯನ್ನು ಬಿಲೀಫ್‌ಗೆ ಕೊಟ್ಟು ಕೈತೊಳೆದುಕೊಳ್ಳಲು ಮನಸ್ಸು ಒಪ್ಪುತ್ತಿಲ್ಲ.

ಇದಕ್ಕೊಂದು ದಾರಿ ‘ನಂಬುಗೆ’. ಹಳೆಯ ಪದ, ಈಗಲೂ ಬಳಕೆಯಲ್ಲಿದೆ. ಫೇತ್‌ಗೆ ನಂಬುಗೆ, ಬಿಲೀಫ್‌ಗೆ ನಂಬಿಕೆ. ಒಂದೇ ಬೇರಿನ ಎರಡು ಚಿಗುರು. ಪಣಿಕ್ಕರ್ ಹೇಳುವ ನಂಟೂ ಅಂಥದ್ದೇ. ಆದರೆ ಕರಡು ತಿದ್ದುವವರು ನಂಬುಗೆಯನ್ನೆಲ್ಲ ನಂಬಿಕೆ ಮಾಡಿಬಿಟ್ಟರೆ ಲೇಖನ ಮುಗಿದೇ ಹೋಯಿತು.

ಮಂಗಳೂರು ಕಡೆಯ ಕ್ಯಾಥೊಲಿಕರ ಕೊಂಕಣಿಯನ್ನೂ ಇಲ್ಲಿ ನೆನೆಯಬೇಕು. ಅಲ್ಲಿ ಫೇತ್‌ಗೆ ‘ಭಾವಾರ್ಥ್’. ಕ್ರೇದೊ ಪ್ರಾರ್ಥನೆಗೆ ‘ಸತ್ಮಾನ್ತಾಂ’, ಅಂದರೆ ಸತ್ಯವೆಂದು ಒಪ್ಪುತ್ತೇನೆ. ಪಣಿಕ್ಕರ್ ಕೇಳುವ ಜೋಡಿ ಹೆಚ್ಚುಕಡಿಮೆ ಅಲ್ಲಿ ಮೊದಲಿನಿಂದಲೂ ಇದೆ! ನಾವು ಎರವಲು ಪಡೆಯೋಣ ಅಂದರೆ, ಕನ್ನಡದಲ್ಲಿ ಭಾವಾರ್ಥ ಪರೀಕ್ಷೆಯ ಪದ್ಯಕ್ಕೆ ಮೀಸಲಾಗಿದೆ.

ಪಣಿಕ್ಕರ್ ಅವರೇ ಇಂಥ ಹುಡುಕಾಟಕ್ಕೆ ಒಂದು ಸೂತ್ರ ಕೊಟ್ಟಿದ್ದಾರೆ. ಅದಕ್ಕೆ ಅವರಿಟ್ಟ ಹೆಸರು ‘ಹೋಮಿಯೋಮಾರ್ಫಿಕ್ ಈಕ್ವಿವಲೆಂಟ್’. ಬ್ರಹ್ಮ ಅನ್ನುವುದು ಗಾಡ್ ಪದದ ಅನುವಾದವಲ್ಲ. ಆದರೆ ಗಾಡ್ ಆ ಪರಂಪರೆಯಲ್ಲಿ ಮಾಡುವ ಕೆಲಸಕ್ಕೆ ಸರಿದೂಗುವ ಕೆಲಸವನ್ನು ಬ್ರಹ್ಮ ಈ ಪರಂಪರೆಯಲ್ಲಿ ಮಾಡುತ್ತದೆ. ಪದದ ಅರ್ಥ ಕೇಳಬೇಡಿ, ಅದರ ಕೆಲಸ ಕೇಳಿ ಅಂತ. 1964ರ ‘ದಿ ಅನ್‌ನೋನ್ ಕ್ರೈಸ್ಟ್ ಆಫ್ ಹಿಂದೂಯಿಸಂ’ ಪುಸ್ತಕದಲ್ಲಿ ‘ಜನ್ಮಾದ್ಯಸ್ಯ ಯತಃ’ (ಈ ಜಗತ್ತಿನ ಹುಟ್ಟು ಮೊದಲಾದವು ಯಾವುದರಿಂದಲೋ ಅದು ಬ್ರಹ್ಮ) ಎಂಬ ಬ್ರಹ್ಮಸೂತ್ರ ಹಿಡಿದು, ವೇದಾಂತದ ಈಶ್ವರ ನಿಂತಿರುವ ಜಾಗಕ್ಕೂ ಕ್ರಿಸ್ತನ ಜಾಗಕ್ಕೂ ನಂಟು ತೋರಿಸಿದ್ದೂ ಈ ಬಗೆಯ ಕೆಲಸವೇ. 1981ರಲ್ಲಿ ಆ ಪುಸ್ತಕವನ್ನು ಸಾಕಷ್ಟು ತಿದ್ದಿ ಬರೆದರು. ಕ್ರಿಸ್ತ ಹಿಂದೂಗಳಿಗೆ ಮಾತ್ರ ಗೊತ್ತಿಲ್ಲದವನಲ್ಲ, ಕ್ರೈಸ್ತರಿಗೂ ಪೂರ್ತಿ ಗೊತ್ತಿಲ್ಲ ಅನ್ನುವ ಕಡೆಗೆ ವಾಲಿದರು. ಆ ‘ಅನ್‌ನೋನ್’ಗೆ ನಾನು ‘ಅಜ್ಞಾತ’ ಇಟ್ಟಿದ್ದೇನೆ. ಪಾಂಡವರ ಅಜ್ಞಾತವಾಸ ನೆನಪಾದರೆ ಒಳ್ಳೆಯದೇ. ಅಲ್ಲೇ ಇದ್ದೂ ಗುರುತು ಸಿಗದವನು ಅಂತ.

ಕೆಲಸ ನೋಡಿ ಪದ ಇಡಿ ಅನ್ನುವ ಸೂತ್ರದ ಪ್ರಕಾರ ಹೋದರೆ, ಸದ್ಯಕ್ಕೆ ನನ್ನ ಒಲವು ಶ್ರದ್ಧೆ-ನಂಬಿಕೆ ಜೋಡಿಗೆ. ಮೊದಲ ಬಳಕೆಯಲ್ಲಿ ಗೀತೆಯ ಸಾಲು ಕೊಟ್ಟುಬಿಟ್ಟರೆ ಶಾಲೆಯ ಶ್ರದ್ಧೆ ಹಿಂದೆ ಸರಿದೀತು. ‘ನಂಬಿಕೆಗಳು’ ಅಂತ ಯಾವಾಗಲೂ ಬಹುವಚನದಲ್ಲೇ ಬಳಸುತ್ತೇನೆ. ‘ನಂಬು’ ಕ್ರಿಯಾಪದವನ್ನು ಮಾತ್ರ ಕಟ್ಟಿಹಾಕುವುದಿಲ್ಲ.

ಇನ್ನೆರಡು ಸಣ್ಣ ವಿಷಯ. 1978ರ ಅವರ ಪುಸ್ತಕದ ಹೆಸರು ‘ದಿ ಇಂಟ್ರಾರಿಲಿಜಿಯಸ್ ಡೈಲಾಗ್’. ಇಂಟರ್ ಅಲ್ಲ, ಇಂಟ್ರಾ. ಎರಡು ಧರ್ಮದವರು ವೇದಿಕೆ ಮೇಲೆ ಮಾತಾಡುವುದಲ್ಲ, ಒಬ್ಬನ ಎದೆಯೊಳಗೇ ಎರಡು ಪರಂಪರೆ ಮಾತಾಡುವುದು. ವ್ಯಾಕರಣದ ಪ್ರಕಾರ ‘ಅಂತರ್’ ಅಂದರೆ ಒಳಗೆ. ಆದರೆ ನಾವು ಅಂತರ್ಜಲ ಅಂದಾಗ ಒಳಗೆ, ಅಂತರ್ಜಾತಿ ಮದುವೆ ಅಂದಾಗ ನಡುವೆ. ಅಂತರರಾಷ್ಟ್ರೀಯವೋ ಅಂತಾರಾಷ್ಟ್ರೀಯವೋ ಅನ್ನುವ ಜಗಳವನ್ನಂತೂ ಇಲ್ಲಿ ಎಳೆಯುವುದಿಲ್ಲ. ‘ಅಂತರ್ಧರ್ಮೀಯ’ ಅಂದರೆ ಖಂಡಿತ ತಪ್ಪಾಗಿ ಓದುತ್ತಾರೆ. ‘ಅಂತರಂಗದ ಧರ್ಮಸಂವಾದ’ ಹೇಗೆ?

ಇನ್ನೊಂದು ‘ಕಾಸ್ಮೊಥಿಯಾಂಡ್ರಿಕ್’. ಲೋಕ, ದೇವರು, ಮನುಷ್ಯ ಮೂರೂ ಒಂದೇ ವಾಸ್ತವದ ಬಿಡಿಸಲಾಗದ ಮೂರು ಆಯಾಮ ಅನ್ನುವ ಅವರ ಮುಖ್ಯ ವಿಚಾರ. ಜೀವ-ಜಗತ್ತು-ಈಶ್ವರ ಅನ್ನಲು ಬಾಯಿ ಬರುತ್ತದೆ. ಆದರೆ ಅದನ್ನು ಓದಿದ ಕೂಡಲೇ ನಮ್ಮವರಿಗೆ ಈ ಮೂರೂ ಬೇರೆಬೇರೆ ಅನ್ನುವ ಮಧ್ವರ ಪಂಚಭೇದ ನೆನಪಾಗುತ್ತದೆ, ಚರ್ಚೆ ಬೇರೆ ಕಡೆ ಹೋಗುತ್ತದೆ. ಜೀವ ಅಂದರೆ ಇರುವೆಯೂ ಸೇರಿತು. ಅವರು ಹೇಳುವುದು ಮನುಷ್ಯನನ್ನು. ನಾನು ‘ಲೋಕ-ದೈವ-ಮಾನುಷ’ ಅಂತ ಗೀಟು ಹಾಕಿ ಬರೆದಿದ್ದೇನೆ. ಚಂದವಿಲ್ಲ, ಗೊತ್ತು.

ಉತ್ತರ ಕರ್ನಾಟಕದವರಿಗೆ ಒಂದು ವಿಶೇಷ ಪ್ರಶ್ನೆ. ನಿಮ್ಮ ಕಡೆ ‘ನಂಬಿಗಿ’ ಅನ್ನುತ್ತೀರಿ. ನಂಬಿಗಸ್ತ ಅನ್ನುವ ಪದವೂ ಇದೆ. ‘ಅವರ ಮ್ಯಾಲ ನಂಬಿಗಿ ಅದ’ ಅನ್ನುವಾಗಿನ ನಂಬಿಗಿಗೂ ‘ದೆವ್ವ ಅದಾವ ಅಂತ ನಂಬಿಗಿ’ ಅನ್ನುವಾಗಿನದಕ್ಕೂ ನಿಮ್ಮ ಮಾತಿನಲ್ಲಿ ಪದ ಬದಲಾಗುತ್ತದೆಯೇ? ಬದಲಾಗುವುದಾದರೆ ಒಂದೆರಡು ಉದಾಹರಣೆ ಬರೆದು ಕಳಿಸಿ.